ಗೆಳೆಯನ ಪರವಾಗಿ

ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟ ಮೊಯೆ, ಇನ್ನೊಂದನ್ನು ಎತ್ತಲು ಮರೆತಳು.

ಸ್ಟೇರಿಂಗ್ ಹಿಡಿದು ಕುಳಿತಿದ್ದವನು ಮುದುಕ ತೋಮಾಸಿ ಅಲ್ಲ. ಅವನ ತಮ್ಮನ ಮಗ ಅಪೆಲು.

ಕಿವಿಯ ಹತ್ತಿರ ಒಂದೆರಡು ಕೂದಲು ಬೆಳ್ಳಗಾಗಿದ್ದವು. ಅದೊಂದು ಬಿಟ್ಟರೆ ಅದೇ ಮುಖ. ಅವಳು ಮರೆತಿದ್ದೇನೆ ಎಂದು ನಂಬಿಕೊಂಡಿದ್ದ ಮುಖ...

"ಹತ್ತಿ ಟೀಚರ್. ಮಕ್ಕಳು ಹಿಂದೆ ಕಾಯ್ತಿದ್ದಾರೆ," ಎಂದ ಅವನು, ರಸ್ತೆಯ ಕಡೆಗೇ ನೋಡುತ್ತ.

ಟೀಚರ್ ಅಂತೆ. ಒಂದು ಕಾಲದಲ್ಲಿ ಇದೇ ಬಾಯಿ, 'ಏ ಮೊಯೆ, ಬುಟ್ಟಿಯಲ್ಲಿ ಏನು ಬಚ್ಚಿಟ್ಟಿದ್ದೀಯೇ' ಎಂದು ಕೂಗುತ್ತಿತ್ತು.

"ನಿಮ್ಮ ದೊಡ್ಡಪ್ಪ ಎಲ್ಲಿ?"

"ಸೊಂಟ ಹಿಡಿದಿತ್ತು, ಅದಕ್ಕೇ ನನ್ನ ಕರೆಸಿದ್ರು. ಈಗ ಪರವಾಗಿಲ್ಲ, ನಾಳೆಯಿಂದ ಅವರೇ ಓಡಿಸ್ತಾರೆ. ನಾನು ಬೆಳಗಿನ ಹಡಗಿಗೆ ವಾಪಸ್ ಉಪೋಲುಗೆ."

ನಾಳೆ ಬೆಳಿಗ್ಗೆ! ಹಾಗಾದರೆ ಉಳಿದಿರುವುದು ಇವತ್ತೊಂದೇ ದಿನ... ಯಾತಕ್ಕೆ ಉಳಿದಿರುವುದು? ಮೊಯೆ ತನ್ನನ್ನೇ ಗದರಿಸಿಕೊಂಡು ಒಳಗೆ ಹೋದಳು.

ಹುಡುಗಿಯರು ಮುಂದೆ, ಹುಡುಗರು ಹಿಂದೆ. ಸವಾಯಿ ದ್ವೀಪದ ಯಾವ ಬಸ್ಸಿನಲ್ಲೂ ಎಲ್ಲರಿಗೂ ಸೀಟು ಇರುವುದಿಲ್ಲ, ಯಾರೂ ನಿಲ್ಲುವುದೂ ಇಲ್ಲ. ದೊಡ್ಡವರ ತೊಡೆಯ ಮೇಲೆ ಚಿಕ್ಕವರು. ಡ್ರೈವರ್ ಹಿಂದಿನ ಸೀಟಿನಲ್ಲಿ ಕುಳಿತ ಮೊಯೆಯ ತೊಡೆಗೆ ದುಂಡನೆಯ ಲುಪೆ ಬಂದು ಕೂತಳು. ಲುಪೆಯ ತೊಡೆಯ ಮೇಲೆ ಪಾನಿಕೆಕೆಯ ಡಬ್ಬಿ. ಕರಿದ ಹಿಟ್ಟಿನ ವಾಸನೆ ಬಸ್ಸಿಗೆಲ್ಲ ಹರಡಿತು.

ಹೆಡ್‌ಮಾಸ್ಟರರ ಪ್ರಾರ್ಥನೆ ಮುಗಿದ ಮೇಲೆ ಬಸ್ಸು ಹೊರಟಿತು. ಕಿಟಕಿಗಳಿಗೆ ಗಾಜಿಲ್ಲ. ತಿರುವು ಬಂದಾಗಲೆಲ್ಲ ಕರಿ ಬಂಡೆಗಳ ಆಚೆಯ ಸಮುದ್ರ ಒಳಗೇ ನುಗ್ಗಿ ಬಂದಂತಾಗುತ್ತಿತ್ತು.

"ಟೀಚರ್, ನೀವು ಸ್ಕೂಲಲ್ಲಿದ್ದಾಗಲೂ ಇದೇ ಪ್ರವಾಸಾನಾ?" ಲುಪೆ ಕೇಳಿದಳು.

"ಹೂಂ. ಇದೇ ತಾಂಗಾಕ್ಕೆ. ಇದೇ ಬಸ್ಸು. ಆಗಲೂ ನೀಲಿ ಬಣ್ಣ."

"ಹಸಿರು," ಎಂದ ಅಪೆಲು, ತಿರುಗದೆ. "ನೀಲಿ ಬಳಿದದ್ದು ಆಮೇಲೆ."

"ಡ್ರೈವರ್ ಮಾಮಾನೂ ಬಂದಿದ್ರಾ? ಟೀಚರ್ ಎಲ್ಲಿ ಕೂತಿದ್ರು?"

"ಈಗ ಕೂತಿರೋ ಕಡೆಯೇ. ಕಿಟಕಿ ಪಕ್ಕ. ಕಿವಿ ಮೇಲೆ ಕೆಂಪು ಹೂ ಇತ್ತು."

ಹೇಳಿದ್ದು ಹೆಚ್ಚಾಯಿತು ಎನಿಸಿತೋ ಏನೋ, ಅವನು ಬಸ್ಸಿನ ರೇಡಿಯೋ ಹಾಡಿನ ದನಿ ಏರಿಸಿದ.

ಹೂವಿನ ನೆನಪು ಅವಳಿಗೇ ಇರಲಿಲ್ಲ... ಇವನಿಗೆ ಹೇಗೆ?

ಆದರೆ ಆವತ್ತಿನ ಉಳಿದದ್ದೆಲ್ಲ ನೆನಪಿತ್ತು. ಶಾಲೆಯ ಕೊನೆಯ ವರ್ಷ. ತಾಂಗಾದಲ್ಲಿ, ಬಂಡೆಯ ಬಿಲಗಳೊಳಗೆ ಅಲೆ ನುಗ್ಗಿ ತೆಂಗಿನ ಮರದೆತ್ತರ ಚಿಮ್ಮುವ ಜಾಗದಲ್ಲಿ, ಎಲ್ಲರೂ ಅತ್ತ ನೋಡುತ್ತಿದ್ದಾಗ ಅಪೆಲು ಅವಳ ಪಕ್ಕ ಬಂದು ಚಕ್ಕಳಮಕ್ಕಳ ಹಾಕಿ ಕುಳಿತಿದ್ದ. ಎಷ್ಟೋ ದಿನದಿಂದ ಅವಳು ಕಾದಿದ್ದ ಗಳಿಗೆ.

"ನಾನು ಸೊವಾ ಆಗಿ ಬಂದಿದ್ದೀನಿ. ಫಲಾನಿಕೊ ಪರವಾಗಿ," ಎಂದಿದ್ದ.

ಅವರ ಕಡೆ ಹುಡುಗ ತನ್ನ ಮನಸ್ಸನ್ನು ತಾನೇ ಹೇಳುವುದು ಕಡಿಮೆ. ನಂಬಿಕೆಯ ಗೆಳೆಯನೊಬ್ಬನನ್ನು ಕಳಿಸುತ್ತಾನೆ. ಆ ಗೆಳೆಯನೇ ಸೊವಾ. ಅವನು ತನ್ನ ಆಸೆಯನ್ನು ಮನೆಯಲ್ಲೇ ಬಿಟ್ಟು ಬರಬೇಕು.

ಅಪೆಲು ಎಷ್ಟು ಚೆನ್ನಾಗಿ ಮಾತಾಡಿದ್ದ! "ನೀನು ಬಟ್ಟೆ ಒಗೆಯೋದು ಕಾಣ್ಲಿ ಅಂತ ಅವನು ದಿನಾ ಕೊಳದ ದಾರಿ ಸುತ್ತಿ ಬರ್ತಾನೆ. ಚರ್ಚಲ್ಲಿ ನಿನ್ನ ದನಿ ಕೇಳಿಸೋವರೆಗೂ ಬಾಯಿ ತೆರೆಯಲ್ಲ. ಅದು ಕೇಳಿದ ಮೇಲೇ ತಾನು ಹಾಡ್ತಾನೆ."

ಒಂದೊಂದು ಮಾತೂ ಅವಳಿಗೆ ಮುಳ್ಳಾಗಿತ್ತು. 'ಇಷ್ಟು ಸಲೀಸಾಗಿ ನನ್ನನ್ನು ಇನ್ನೊಬ್ಬನಿಗೆ ಕೊಟ್ಟುಬಿಡ್ತಾನಲ್ಲ...'

"ನಿನ್ನ ಕಳಿಸಿದವನಿಗೆ ಬೇಡ ಅಂತ ಹೇಳು. ನೀನೂ ಇನ್ನು ನನ್ನ ಹತ್ತಿರ ಮಾತಾಡಬೇಡ," ಎಂದು ಎದ್ದು ಹೋಗಿದ್ದಳು. ತಿಂಗಳೊಳಗೆ ಅಪೆಲು ಪಕ್ಕದ ದ್ವೀಪ ಉಪೋಲುಗೆ ಹಡಗು ಹತ್ತಿದ. ಹೇಳದೆ ಹೋದ.

ಹದಿನೈದು ವರ್ಷವಾಯಿತು. ಬಂದ ಸಂಬಂಧಗಳಿಗೆಲ್ಲ ಅವಳು ಏನಾದರೊಂದು ಕೊಂಕು ಹುಡುಕುತ್ತಲೇ ಬಂದಿದ್ದಳು.

ತಾಂಗಾದಲ್ಲಿ ಬಸ್ಸು ನಿಂತಾಗ ತೆಂಗಿನಕಾಯಿಯ ರಾಶಿಯ ಪಕ್ಕ ಹೊಟ್ಟೆ ಬಿಟ್ಟುಕೊಂಡು ಕುಳಿತಿದ್ದವನು ಫಲಾನಿಕೊ. ಬಿಲಕ್ಕೆ ಕಾಯಿ ಹಾಕಿ ಅಲೆಯೊಂದಿಗೆ ಆಕಾಶಕ್ಕೆ ಹಾರಿಸಿ ತೋರಿಸುವುದು ಈಗ ಅವನ ಕಸುಬು.

"ದೇವರೇ, ಇವರಿಬ್ಬರೂ ಒಂದೇ ಬಸ್ಸಲ್ಲಿ ಬಂದ್ರಾ?" ಎಂದು ಎದ್ದೇ ಬಿಟ್ಟ.

ಹೆಡ್‌ಮಾಸ್ಟರ್ ಮಕ್ಕಳನ್ನು ಸಾಲಾಗಿ ಕೂರಿಸಿದರು. ಫಲಾನಿಕೊ ಕಾಯಿ ಹಾಕಿದ. ಬಂಡೆ ಗುಡುಗಿತು, ನೀರು ಎದ್ದಿತು, ಕಾಯಿ ಚುಕ್ಕಿಯಾಯಿತು. ಮಕ್ಕಳು ಹೋ ಎಂದರು. ಮೊಯೆ ದೂರದ ಹಳೆಯ ಬಂಡೆಯ ಮೇಲೆ ಹೋಗಿ ಕುಳಿತಳು. ಕಾಲು ತಾನಾಗಿ ಅಲ್ಲಿಗೇ ಕರೆದೊಯ್ದಿತ್ತು.

ಸ್ವಲ್ಪ ಹೊತ್ತಿನಲ್ಲಿ ಬಸ್ಸಿನ ಹತ್ತಿರ ಫಲಾನಿಕೊ ಕೈ ಬೀಸಿ ಬೀಸಿ ಏನೋ ಬೈಯುತ್ತಿರುವುದು ಕಂಡಿತು. ಅಪೆಲು ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಫಲಾನಿಕೊ ಏದುಸಿರು ಬಿಡುತ್ತ ಅವಳ ಕಡೆಗೆ ಬಂದ. ಚಕ್ಕಳಮಕ್ಕಳ ಹಾಕಿ ಕುಳಿತು ಗಂಟಲು ಸರಿಮಾಡಿಕೊಂಡ.

"ಇದೇನೋ ಹೀಗೆ ಕೂತೆ?"

"ನಾನು ಸೊವಾ ಆಗಿ ಬಂದಿದ್ದೀನಿ."

"ಐದು ಮಕ್ಕಳ ತಂದೆ ನೀನು. ಹುಡುಗಾಟ ಬಿಡು."

"ಹುಡುಗಾಟ ಅಲ್ಲ ಮೊಯೆ," ಫಲಾನಿಕೊನ ನಗು ಮಾಸಿತು. "ಆವತ್ತು ನೀನು ಬೇಡ ಅಂದೆ ಅಂತ ಇವನು ಬಂದು ಹೇಳಿದಾಗ, 'ನೀನೇ ಅವಳನ್ನ ನಿನಗೆ ಅಂತ ಇಟ್ಕೊಂಡೆ' ಅಂತ ನಾನು ಹುಡುಗರೆಲ್ಲರ ಎದುರು ಅವನನ್ನ ಬೈದೆ. ಸೊವಾ ಆದವನಿಗೆ ಅದಕ್ಕಿಂತ ಕೆಟ್ಟ ಮಾತಿದೆಯಾ? ಅದು ಸುಳ್ಳು ಅಂತ ತೋರಿಸೋಕೆ ಊರೇ ಬಿಟ್ಟ. ನಾನು ಮುಂದಿನ ಕ್ರಿಸ್‌ಮಸ್‌ಗೆ ಬೇರೆಯವಳನ್ನ ಮದುವೆಯಾಗಿ ಎಲ್ಲಾ ಮರೆತೆ. ಈ ದಡ್ಡ ಇವತ್ತು ನನ್ನ ಅಪ್ಪಣೆ ಕೇಳ್ತಾನೆ, ಮೊಯೆ ಹತ್ತಿರ ಮಾತಾಡಲಾ ಅಂತ. ನನ್ನ ಅಪ್ಪಣೆ!"

ಮೊಯೆಗೆ ಸಮುದ್ರ ಮಸುಕಾಗಿ ಕಂಡಿತು. 'ಹಾಗಾದರೆ ನನ್ನನ್ನು ಕೊಟ್ಟುಬಿಡಲಿಲ್ಲ ಅವನು... ಹೊತ್ತುಕೊಂಡೇ ಹೋಗಿದ್ದಾನೆ.'

"ನಿನ್ನ ಕಳಿಸಿದವನಿಗೆ ಹೇಳು," ಎಂದಳು ನಿಧಾನವಾಗಿ. "ಆವತ್ತು ನಾನು ಬೇಡ ಅಂದದ್ದು ಕಳಿಸಿದವನನ್ನ. ಬಂದವನನ್ನಲ್ಲ. ಉಳಿದದ್ದನ್ನ ಅವನೇ ಬಂದು ಕೇಳಲಿ."

ಅಪೆಲು ಬಂದ. ಕೈಯಲ್ಲಿ ಏನಾದರೂ ಇರಲಿ ಎಂದೋ ಏನೋ, ಒಂದು ತೆಂಗಿನಕಾಯಿ ಹಿಡಿದು ಬಂದಿದ್ದ.

"ಟೀಚರ್..."

"ನನಗೆ ಹೆಸರಿದೆ."

"ಮೊಯೆ."

ಅವನು ಕಾಯಿಯ ನಾರು ಕೀಳುತ್ತ ಕುಳಿತ.

"ಆವತ್ತು ಅಷ್ಟು ಚೆನ್ನಾಗಿ ಮಾತಾಡಿದ್ದೆಯಲ್ಲ. ಈಗ ಬಾಯಿ ಕಟ್ಟಿಹೋಯ್ತಾ?"

"ಆವತ್ತು ಮಾತಾಡಿದ್ದು ಗೆಳೆಯನ ಪರವಾಗಿ. ನನ್ನ ಪರವಾಗಿ ಮಾತಾಡಿ ಅಭ್ಯಾಸ ಇಲ್ಲ."

"ಹಾಗಾದ್ರೆ ಅದೇ ಮಾತು ಹೇಳು. ಹೆಸರು ಮಾತ್ರ ಬದಲಿಸು."

ಅಪೆಲು ಮೊದಲ ಸಲ ಅವಳ ಮುಖ ನೋಡಿದ.

"ಹೆಸರು ಬದಲಿಸಿದ್ದು ಆವತ್ತು, ಮೊಯೆ. ಮಾತೆಲ್ಲ ನನ್ನದೇ ಆಗಿತ್ತು."

ಕೊಳದ ದಾರಿ... ಚರ್ಚಿನ ಹಾಡು... ಅವಳಿಗೆ ಒಂದೊಂದಾಗಿ ಹೊಳೆಯತೊಡಗಿತು.

"ಫಲಾನಿಕೊ ಚರ್ಚಲ್ಲಿ ಹಾಡ್ತಾನೇ ಇರಲಿಲ್ಲ, ಅಲ್ವಾ?"

"ಇಲ್ಲ. ನಿದ್ದೆ ಮಾಡ್ತಿದ್ದ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು. ಅಷ್ಟು ದೂರದಲ್ಲಿ ಮತ್ತೊಂದು ಕಾಯಿ ಆಕಾಶಕ್ಕೆ ಹಾರಿತು. ಮಕ್ಕಳು ಮತ್ತೆ ಹೋ ಎಂದರು.

"ನಾಳೆ ಬೆಳಿಗ್ಗೆ ಹಡಗು ಇದೆಯಲ್ಲ," ಎಂದಳು, ಕಣ್ಣೊರೆಸಿಕೊಳ್ಳುತ್ತ.

"ಹಡಗು ದಿನಾ ಇರುತ್ತೆ."

"ಮತ್ತೆ ನೀನು?"

ಅಪೆಲು ತೆಂಗಿನಕಾಯಿಯನ್ನು ಅವಳ ಮಡಿಲಿಗೆ ಇಟ್ಟ.

"ದೊಡ್ಡಪ್ಪನ ಸೊಂಟ ಇನ್ನೂ ಪೂರ್ತಿ ವಾಸಿ ಆಗಿಲ್ಲ ಅನ್ಸುತ್ತೆ."