ಅಪ್ಪನಿಗೊಂದು ಕನ್ನಡಿ

“ಅದರ ಬೆನ್ನು ಮುಟ್ಟಬೇಡಿ!”

ಗದರಿಕೆ ಕೇಳಿ ಅವಳ ಕೈ ಗಾಳಿಯಲ್ಲೇ ನಿಂತಿತು.

ಭಾನುವಾರದ ಹಳೇ ಸಾಮಾನಿನ ಸಂತೆ. ಕಾಲು ಮುರಿದ ಕುರ್ಚಿಗಳು, ಹಿತ್ತಾಳೆಯ ಹಿಡಿಕೆಗಳು, ಮಾತು ಮರೆತ ರೇಡಿಯೋಗಳ ನಡುವೆ ಗೋಡೆಗೊರಗಿಸಿದ್ದ ಉದ್ದನೆಯ ಕನ್ನಡಿಯೊಂದರ ಮುಂದೆ ಅವಳು ನಿಂತಿದ್ದಳು. ಗೋಡೆಯ ಸಂದಿಗೆ ಕೈ ತೂರಿಸಿ, ಒದ್ದೆ ಕರವಸ್ತ್ರದಿಂದ ಅದರ ಹಿಂಬದಿಯ ಧೂಳು ಒರೆಸಲು ಹೋಗಿದ್ದಳು, ಅಷ್ಟೇ.

ತಲೆಯೆತ್ತಿದಳು. ಕನ್ನಡಿಯೊಳಗೆ, ಅವಳ ಭುಜದ ಹಿಂದೆ, ಆ ಹಳೇ ಸಾಮಾನನ್ನೆಲ್ಲ ದುರಸ್ತಿ ಮಾಡಿ ಮಾರುವವನು ನಿಂತಿದ್ದ. ಬೆರಳ ತುಂಬ ಬಣ್ಣದ ಕಲೆ. ಗದರಿದ್ದು ಬರೀ ದನಿ; ಕಣ್ಣಲ್ಲಿ ಸಿಟ್ಟಿರಲಿಲ್ಲ.

“ಕನ್ನಡಿಯ ಜೀವ ಬೆನ್ನಲ್ಲಿರುತ್ತೆ. ಒದ್ದೆ ಬಟ್ಟೆ ತಾಗಿದ್ರೆ ಅಲ್ಲಿ ಬಳಿದಿರೋ ರಸದಲ್ಲಿ ಉಳಿದಿರೋ ಚೂರೂ ಉದುರಿಹೋಗುತ್ತೆ.”

“ಉಳಿದಿರೋದಾದ್ರೂ ಎಷ್ಟು? ಅರ್ಧ ಮುಖ ಕಾಣುತ್ತೆ, ಅರ್ಧ ಕಾಣಲ್ಲ!”

ಅವನು ನಕ್ಕುಬಿಟ್ಟ. “ಮೇಡಂ, ನೀವು ಕನ್ನಡಿಯೊಳಗಿರೋ ನನ್ನ ಜೊತೆ ಜಗಳ ಆಡ್ತಿದ್ದೀರಿ. ನಾನು ಈ ಕಡೆ ಇದ್ದೀನಿ.”

ಅವಳ ಕೆನ್ನೆ ಬಿಸಿಯಾಯಿತು.

“ಅಭ್ಯಾಸ... ಅಪ್ಪನ ಸೆಲೂನಿನಲ್ಲಿ ಬೆಳೆದವಳು ನಾನು. ಅಲ್ಲಿ ಎಲ್ಲರೂ ಮಾತಾಡೋದು ಕನ್ನಡಿಯೊಳಗೇ. ಅಪ್ಪ ಯಾರ ಕಡೆಗೂ ತಿರುಗ್ತಿರಲಿಲ್ಲ.”

‘ತಿರುಗ್ತಿರಲಿಲ್ಲ...’ ಮಾತು ಬಾಯಿಂದ ಬಿದ್ದ ಮೇಲೆ ಅದರ ಭಾರ ಅವಳಿಗೇ ತಟ್ಟಿತು. ಅವನು ಏನೂ ಕೇಳಲಿಲ್ಲ. ಕೇಳದೇ ಇದ್ದುದಕ್ಕೇ ಅವಳು ಎಲ್ಲವನ್ನೂ ಹೇಳಿದಳು.

ಅಪ್ಪನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಮುಖದ ಬಲಭಾಗ ಜಗ್ಗಿತ್ತು. ನಾಲಿಗೆ ತೊದಲುತ್ತಿತ್ತಾದರೂ ಪೂರ್ತಿ ನಿಂತಿರಲಿಲ್ಲ. ಅಪ್ಪನೇ ಅದನ್ನು ನಿಲ್ಲಿಸಿಬಿಟ್ಟಿದ್ದ. ಅವಳು ಆಸ್ಪತ್ರೆಯಲ್ಲಿ ಅಪ್ಪನ ಮಗ್ಗುಲಲ್ಲಿದ್ದಾಗಲೇ ಸೆಲೂನಿದ್ದ ಕಟ್ಟಡದ ಮಾಲೀಕ ಜಾಗ ಖಾಲಿ ಮಾಡಿಸಿದ್ದ. ಸಾಮಾನೆಲ್ಲ ಗುಜರಿಯವನ ಗಾಡಿ ಏರಿತ್ತು. ಈಗ ಅಪ್ಪ ದಿನಕ್ಕೆರಡು ತುತ್ತು ತಿನ್ನುತ್ತಾನೆ, ಗೋಡೆ ನೋಡುತ್ತಾನೆ. ‘ಮೈ ಸುಧಾರಿಸ್ತಿದೆ, ಆದರೆ ಮನುಷ್ಯನಿಗೇ ಬೇಡವಾಗಿದೆ’ ಎಂದು ವೈದ್ಯರು ಅವಳನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

“ಮುಂದಿನ ತಿಂಗಳು ಅವರ ಹುಟ್ಟಿದಹಬ್ಬ. ಅವರ ಕೋಣೆಯನ್ನೇ ಹಳೇ ಸೆಲೂನಿನ ಹಾಗೆ ಮಾಡಿ ಉಡುಗೊರೆ ಕೊಡೋಣ ಅಂತ... ಅಲ್ಲಿದ್ದಂಥದ್ದೇ ಬೆಂಚು ಸಿಕ್ಕಿದೆ. ಗೋಡೆ ಗಡಿಯಾರ ಸಿಕ್ಕಿದೆ. ಕನ್ನಡಿಯೊಂದೇ ಬಾಕಿ.”

ಅವನು ಕನ್ನಡಿಯ ತೇಗದ ಚೌಕಟ್ಟನ್ನು ಮೆಲ್ಲಗೆ ಸವರಿದ. “ಹಳೇ ರಸ ತೆಗೆದು ಹೊಸದು ಹಾಕಿಕೊಡ್ತೀನಿ. ಬೆಂಚಿಗೆ ಮಾತ್ರ ಪಾಲಿಶ್ ಹೊಡೀಬೇಡಿ. ಅಂಚು ಸವೆದಿದ್ರೆ ಹಾಗೇ ಇರಲಿ. ಕೂತು ಕಾದವರ ಗುರುತು ಅದು.”

ಮನೆ ತಲುಪುವವರೆಗೂ ಆ ಮಾತು ಅವಳ ಜೊತೆಗೇ ನಡೆದು ಬಂತು.

*

ಆಮೇಲಿನ ಭಾನುವಾರಗಳಲ್ಲಿ ಅವಳಿಗೆ ಅಲಾರಾಂ ಬೇಕಾಗಲಿಲ್ಲ.

ಒಂದು ಸಲ ಅವನು ನೀರು ಚಿಮುಕಿಸುವ ಹಳೇ ಗಾಜಿನ ಬಾಟಲಿ ತೆಗೆದಿರಿಸಿದ್ದ. ಇನ್ನೊಂದು ಸಲ ಕತ್ತಿ ಮಸೆಯುವ ಚರ್ಮದ ಪಟ್ಟಿ. ಸಂತೆಯ ಮೂಲೆಯಲ್ಲಿ ಚಹಾ ಕುಡಿಯುತ್ತಾ, ಯಾವುದನ್ನು ಎಲ್ಲಿಡಬೇಕೆಂದು ಇಬ್ಬರೂ ಚರ್ಚಿಸುತ್ತಿದ್ದರು. ಹಳೆಯದನ್ನೆಲ್ಲ ಒಂದೇ ಗೋಡೆಗೆ ಗುಡ್ಡೆ ಹಾಕಿದರೆ ಅದು ಅಂಗಡಿಯಾಗುತ್ತದೆ, ಮನೆಯಾಗುವುದಿಲ್ಲ ಎನ್ನುತ್ತಿದ್ದ ಅವನು. ಅವಳು ಕೇಳುತ್ತಿದ್ದಳು... ಮಾತನ್ನೋ, ದನಿಯನ್ನೋ, ಅವಳಿಗೇ ತಿಳಿಯುತ್ತಿರಲಿಲ್ಲ.

“ಕನ್ನಡಿಗೆ ಹೋಗ್ತೀಯೋ, ಕನ್ನಡಿಯವನಿಗೆ ಹೋಗ್ತೀಯೋ?” ಅತ್ತೆ ಬಾಗಿಲಲ್ಲೇ ಅಡ್ಡಹಾಕಿದರು. ಅಪ್ಪನ ಅಕ್ಕ. ತಮ್ಮನನ್ನು ನೋಡಿಕೊಳ್ಳಲು ಬಂದವರು ಇಡೀ ಮನೆಯನ್ನೇ ಹೆಗಲಿಗೇರಿಸಿಕೊಂಡಿದ್ದರು.

“ಅತ್ತೇ!”

“ನನಗೇನಮ್ಮ? ಆ ಕನ್ನಡಿ ಬರೋ ಹೊತ್ತಿಗೆ ನನ್ನ ಮುಖದಲ್ಲಿ ನೋಡೋಕೆ ಏನೂ ಉಳಿದಿರಲ್ಲ ಬಿಡು!”

ಗೋಡೆಯ ಅಳತೆಗೆಂದು ಅವನು ಒಂದು ಸಂಜೆ ಮನೆಗೆ ಬಂದ. ಕೋಣೆಯಲ್ಲಿ ನಸುಗತ್ತಲು. ಬೀದಿಯ ಕಡೆಯ ಕಿಟಕಿಗೆ ದಪ್ಪ ಪರದೆ. ಅಲ್ಮೇರಾದ ಕನ್ನಡಿಗೆ ಟವೆಲ್ ಹೊದಿಸಿತ್ತು.

“ಅಪ್ಪನಿಗೆ ಬೆಳಕು ಚುಚ್ಚುತ್ತೆ,” ಅವಳು ವಿವರಿಸಿದಳು. “ಹೊಳೆಯೋದು ಏನು ಕಂಡರೂ ಕಣ್ಣು ಮುಚ್ಚಿಕೊಳ್ತಾರೆ. ಇಂಥ ರೋಗಿಗಳಲ್ಲಿ ಹೀಗಾಗುತ್ತೆ. ನಾನು ಕಣ್ಣಾಸ್ಪತ್ರೆಯಲ್ಲಿ ದೃಷ್ಟಿ ಪರೀಕ್ಷೆ ಮಾಡೋದು, ದಿನಾ ನೋಡ್ತೀನಿ. ಪರದೆ ನಾನೇ ಹಾಕಿಸಿದ್ದು.”

ಅವನು ಏನೋ ಹೇಳಲು ಬಾಯಿ ತೆರೆದ. ಆಗಲೇ ಅತ್ತೆ ಹೊಳೆಯುವ ಸ್ಟೀಲಿನ ತಟ್ಟೆಯಲ್ಲಿ ಹಾಲಿನ ಲೋಟ ತಂದರು. ಅಪ್ಪ ಲೋಟ ಎತ್ತಿ ಪಕ್ಕಕ್ಕಿಟ್ಟ. ಮರುಕ್ಷಣವೇ ಎಡಗೈಯಿಂದ ಆ ಖಾಲಿ ತಟ್ಟೆಯನ್ನು ಮಗುಚಿ ಹಾಕಿದ.

ಅವಳು ಗಮನಿಸಲಿಲ್ಲ. ಅವನು ಗಮನಿಸಿದ. ತೆರೆದ ಬಾಯಿ ಮುಚ್ಚಿಕೊಂಡು ಅಳತೆಪಟ್ಟಿ ಸುತ್ತಿದ.

*

“ರಸ ಇನ್ನೂ ಒಣಗಿಲ್ಲ,” ಎಂದ ಮುಂದಿನ ಭಾನುವಾರ.

“ಚೌಕಟ್ಟಿಗೆ ಹುಳು ಹಿಡಿದಿದೆ, ಔಷಧಿ ಹಚ್ಚಿದ್ದೀನಿ,” ಎಂದ ಅದರ ಮುಂದಿನ ಭಾನುವಾರ.

ಹುಟ್ಟಿದಹಬ್ಬದ ಹಿಂದಿನ ದಿನ ಅವಳು ಸಂತೆಗೆ ಕಾಯದೆ ನೇರ ಅವನ ಕೆಲಸದ ಕೋಣೆಗೇ ಹೋದಳು. ಹಳೇ ಬಾಗಿಲುಗಳ ಹಿಂದೆ, ಬಟ್ಟೆಯ ಮರೆಯಲ್ಲಿ, ಅದೇ ಕನ್ನಡಿ! ತಿಳಿನೀರಿನಂತೆ ಹೊಳೆಯುತ್ತಿತ್ತು. ಅಂಚಿನಲ್ಲಿ ಧೂಳು ಕೂತಿತ್ತು. ಸಿದ್ಧವಾಗಿ ಎಷ್ಟೋ ದಿನವಾಗಿತ್ತು!

“ಬೇರೆ ಯಾರಿಗೋ ಕೊಡೋಕೆ ಇಟ್ಟಿದ್ದೀರಾ?” ಅವಳು ಮರೆಯ ಬಟ್ಟೆಯನ್ನು ಪೂರ್ತಿ ಎಳೆದುಹಾಕಿದಳು.

“ಇಲ್ಲ.”

“ಮತ್ತೆ ಸುಳ್ಳು ಯಾಕೆ?”

ಅವನು ಕೈಯಲ್ಲಿದ್ದ ಕುಂಚ ಕೆಳಗಿಟ್ಟ. “ಇದನ್ನ ನಿಮ್ಮಪ್ಪನ ಎದುರಿಗೆ ಹಾಕಬೇಡಿ. ಅಷ್ಟೇ ನನ್ನ ಮಾತು.”

“ನಮ್ಮಪ್ಪನ ಬಗ್ಗೆ ನನಗೆ ಹೇಳಿಕೊಡೋಕೆ ನೀವು ಯಾರು?”

ಅವನು ಕನ್ನಡಿಯನ್ನು ಕಂಬಳಿಯಲ್ಲಿ ಸುತ್ತಿ ಗಾಡಿಗೇರಿಸಿಕೊಟ್ಟ.

‘ಇವನನ್ನ ನಂಬಿದೆನಲ್ಲಾ...’ ದಾರಿಯುದ್ದಕ್ಕೂ ಅವಳು ಕಣ್ಣೊರೆಸಿಕೊಂಡಳು. ಕನ್ನಡಿ ಕೈ ಸೇರಿತ್ತು. ಆದರೂ ಏನೋ ಕೈ ಜಾರಿದ ಸಂಕಟ.

*

ಮರುದಿನ ಬೆಳಿಗ್ಗೆ, ರಾತ್ರಿ ಹಜಾರದಲ್ಲಿ ಮಲಗಿಸಿದ್ದ ಅಪ್ಪನನ್ನು ಸಿದ್ಧವಾದ ಕೋಣೆಯ ನಡುವೆ ಕುರ್ಚಿಯಲ್ಲಿ ಕೂರಿಸಿ, ಅವಳು ಅವನ ಕಣ್ಣ ಮೇಲಿಟ್ಟಿದ್ದ ತನ್ನ ಅಂಗೈ ತೆಗೆದಳು.

“ನೋಡಪ್ಪಾ...!”

ಗಡಿಯಾರ. ಬೆಂಚು. ಬಾಟಲಿ. ಅಪ್ಪನ ಕಣ್ಣು ಒಂದೊಂದನ್ನೇ ಮುಟ್ಟುತ್ತಾ ಬಂತು. ತುಟಿಯ ಎಡತುದಿ ಅಲುಗಿತು. ಅವಳ ಎದೆ ಹಿಗ್ಗಿತು.

ಆಮೇಲೆ ಕಣ್ಣು ಕನ್ನಡಿಗೆ ಬಂತು.

ಅಪ್ಪನ ಎಡಗೈ ನಿಧಾನವಾಗಿ ಮೇಲೆದ್ದು, ಜಗ್ಗಿದ ಬಲಗೆನ್ನೆಯನ್ನು ಮುಚ್ಚಿಕೊಂಡಿತು. ಬೆರಳುಗಳ ಸಂದಿಯಿಂದ ನೀರು ಇಳಿಯಿತು. ಸದ್ದಿಲ್ಲ. ಬಿಕ್ಕಿಲ್ಲ. ಜೀವನವಿಡೀ ಪರರ ಮುಖ ತಿದ್ದಿ ಚೆಂದ ಮಾಡಿದ ಮನುಷ್ಯ ತನ್ನ ಮುಖವನ್ನು ಕೈಯಲ್ಲಿ ಅಡಗಿಸಿಕೊಂಡು ಅಳುತ್ತಿದ್ದ.

ಅವಳು ಓಡಿಹೋಗಿ ಅಲ್ಮೇರಾದ ಟವೆಲ್ ಎಳೆದು ಕನ್ನಡಿಗೆ ಹೊದಿಸಿದಳು. ಹೊದಿಸುತ್ತಿದ್ದಂತೆಯೇ ಕೈ ನಿಂತಿತು.

ಟವೆಲ್... ತಾನು ಅಪ್ಪನ ಗಡ್ಡ ತೆಗೆಯುವಾಗಲೆಲ್ಲ ಬಿಗಿಯಾಗಿ ಮುಚ್ಚುತ್ತಿದ್ದ ಆ ಕಣ್ಣುಗಳು... ಹೊಳೆಯುವುದೆಲ್ಲ ಬೇಡವಾದದ್ದು ಬೆಳಕಿನಿಂದಲ್ಲ, ಅದರಲ್ಲಿ ಕಾಣುವ ಮುಖದಿಂದ!

“ಅಂಗೈ ಹುಣ್ಣಿಗೆ ಕನ್ನಡಿ ಬೇಕಾ ಅಂತಾರೆ,” ಅಡುಗೆಮನೆಯಲ್ಲಿ ಅತ್ತೆ ಕಣ್ಣೊತ್ತಿಕೊಂಡರು. “ನಾವು ಕನ್ನಡಿನೇ ತಂದು ಹುಣ್ಣಿನ ಮುಂದೆ ಇಟ್ವಲ್ಲೇ ಪುಟ್ಟೀ! ಅವನು ತಟ್ಟೆ ಮಗುಚೋದನ್ನ ನಾನೂ ನೋಡಿದ್ದೆ. ನೀನು ಬೆಳಕು ಅಂದೆ. ಓದಿದೋಳು ಹೇಳ್ತಾಳೆ ಅಂತ ನಾನೂ ಹೂಂ ಅಂದೆ.”

ಅಂದು ಅಪ್ಪ ಆ ಎರಡು ತುತ್ತನ್ನೂ ಬೇಡವೆಂದ.

*

“ನೀವು ಯಾಕೆ ಹೇಳಲಿಲ್ಲ?”

ಕೆಲಸದ ಕೋಣೆಯ ಬಾಗಿಲಲ್ಲಿ ಅವಳನ್ನು ಕಂಡು ಅವನು ಎದ್ದು ನಿಂತ. ಅವಳ ಮುಖ ನೋಡಿಯೇ ಅವನಿಗೆ ನಡೆದದ್ದು ತಿಳಿಯಿತು.

“ಹೇಗೆ ಹೇಳಲಿ? ಅಷ್ಟು ಆಸೆಯಿಂದ ಉಡುಗೊರೆ ಜೋಡಿಸ್ತಿದ್ರಿ. ಅಂಥ ಮಗಳಿಗೆ, ನಿಮ್ಮಪ್ಪನಿಗೆ ತನ್ನ ಮುಖ ಬೇಡವಾಗಿದೆ ಅಂತ... ನಾಲಿಗೆ ಬರಲಿಲ್ಲ. ನಾನು ಮಾಡಿದ್ದು ತಪ್ಪು. ಸುಳ್ಳು ಹೇಳಿ ದಿನ ತಳ್ಳೋ ಬದಲು ಒಂದೇ ಒಂದು ಮಾತು ಹೇಳಿದ್ದಿದ್ರೆ ಇವತ್ತು ಅವರು ಅಳ್ತಿರಲಿಲ್ಲ.”

“ನೀವು ಹೇಳಿದ್ರಿ. ನಾನೇ, ನೀವು ಯಾರು ಅಂತ ಕೇಳಿದೆ... ನಾನು ದಿನವೆಲ್ಲಾ ಬೇರೆಯವರ ಕಣ್ಣು ನೋಡೋಳು. ಅಪ್ಪನ ಕಣ್ಣಿಗೆ ಏನಾಗಿದೆ ಅಂತ ನೋಡಿದೆ. ಅವರು ಏನನ್ನ ನೋಡೋಕೆ ಆಗದೆ ಒದ್ದಾಡ್ತಿದ್ದಾರೆ ಅಂತ ನೋಡಲಿಲ್ಲ.”

ಅವನು ಮೊಳೆ ತೆಗೆಯುವ ಸಾಮಾನಿನ ಚೀಲ ಹೆಗಲಿಗೇರಿಸಿದ. “ನಡೀರಿ. ಮೊದಲು ಅದನ್ನ ಅಲ್ಲಿಂದ ಇಳಿಸೋಣ.”

ಕೋಣೆಯಲ್ಲಿ ಅಪ್ಪ ಕುರ್ಚಿಯಲ್ಲೇ ಕಣ್ಣು ಮುಚ್ಚಿ ಕುಳಿತಿದ್ದ. ಅವಳು ಅಪ್ಪನ ಪಕ್ಕದಲ್ಲಿ ನೆಲಕ್ಕೆ ಕುಳಿತು ಅವನ ಕೈ ಹಿಡಿದುಕೊಂಡಳು. ಕನ್ನಡಿಯವನು ಚೌಕಟ್ಟಿನ ಒಂದು ಪಕ್ಕದ ತಿರುಪು ಬಿಚ್ಚಿದ. ಚೌಕಟ್ಟು ಗೋಡೆಯಿಂದ ಬಾಗಿಲಿನಂತೆ ತುಸು ತೆರೆದುಕೊಂಡಿತು. ಟವೆಲ್ ಜಾರಿ ಬಿತ್ತು.

ಅವಳು ಬೆಚ್ಚಿ ತಲೆಯೆತ್ತಿದಳು. ಕನ್ನಡಿಯಲ್ಲಿ ಅಪ್ಪ ಇರಲಿಲ್ಲ. ಅವಳೂ ಇರಲಿಲ್ಲ. ಅವರ ಬೆನ್ನ ಹಿಂದಿನ ಕಿಟಕಿಯಿತ್ತು. ಪರದೆಯ ಸೀಳಿನಲ್ಲಿ ಬೀದಿಯ ಒಂದು ಚೂರು... ಸೈಕಲ್ಲೊಂದು ಸರಿದುಹೋಯಿತು.

ಅವಳ ಮೈ ಜುಮ್ಮೆಂದಿತು.

ಅಪ್ಪ ಸೆಲೂನಿನಲ್ಲಿ ಎಂದಾದರೂ ತನ್ನ ಮುಖ ನೋಡಿಕೊಂಡಿದ್ದನೇ? ಅವಳ ನೆನಪಿನಲ್ಲಿ ಒಮ್ಮೆಯೂ ಇಲ್ಲ! ಅವನು ಕನ್ನಡಿಯಲ್ಲಿ ನೋಡುತ್ತಿದ್ದುದು ಕುಳಿತವರನ್ನು, ಕಾಯುವವರನ್ನು, ಹಿಂದಿನ ಬೀದಿಯನ್ನು. ‘ಏನ್ರೀ, ಮಗಳಿಗೆ ಜ್ವರ ಬಿಡ್ತಾ?’ ಎಂದು ದಾರಿಹೋಕರನ್ನು ಕತ್ತರಿ ನಿಲ್ಲಿಸದೆಯೇ ವಿಚಾರಿಸುತ್ತಿದ್ದ. ಅಪ್ಪನ ಲೋಕವೆಲ್ಲ ಕನ್ನಡಿಯೊಳಗಿತ್ತು. ಆ ಲೋಕದಲ್ಲಿ ಅಪ್ಪನೊಬ್ಬ ಮಾತ್ರ ಇರಲಿಲ್ಲ.

ಉಡುಗೊರೆ ತಪ್ಪಾಗಿರಲಿಲ್ಲ. ಕೋನ ತಪ್ಪಾಗಿತ್ತು.

“ನಿಲ್ಲಿ! ಇಳಿಸಬೇಡಿ... ಹಾಗೇ ಹಿಡ್ಕೊಳ್ಳಿ!”

ಅವಳು ಎದ್ದು ಪರದೆಯನ್ನು ಪೂರ್ತಿ ಸರಿಸಿದಳು. ಬೆಳಕು ಧುಮುಕಿತು. ಮತ್ತೆ ಓಡಿಬಂದು ಅಪ್ಪನ ಕಣ್ಣಿನ ಮಟ್ಟಕ್ಕೆ ತನ್ನ ತಲೆ ತಂದಳು. “ಇನ್ನೊಂದು ಬೆರಳಷ್ಟು ಹೊರಗೆ... ಅಯ್ಯೋ, ಅಪ್ಪನ ಭುಜ ಬಂತು. ಇನ್ನೂ ಸ್ವಲ್ಪ... ಸಾಕು!”

ಅವನು ಮರುಮಾತಿಲ್ಲದೆ ಚೌಕಟ್ಟಿನ ಹಿಂದೆ ಮರದ ತುಂಡೊಂದನ್ನು ಸಿಕ್ಕಿಸಿ ತಿರುಪು ಬಿಗಿದ. ಈಗ ಕನ್ನಡಿಯಲ್ಲಿ ಕಿಟಕಿ, ಬಾಗಿಲು, ಬಾಗಿಲಾಚೆಯ ಬೀದಿ. ಅಷ್ಟೇ.

“ಅಪ್ಪಾ,” ಅವಳು ಪಿಸುಗುಟ್ಟಿದಳು. “ನಿನ್ನ ಮುಖ ಕಾಣಲ್ಲ. ನನ್ನಾಣೆ. ಒಂದೇ ಒಂದು ಸಲ ಕಣ್ಣು ಬಿಡು.”

ಬೀದಿಯಲ್ಲಿ ಯಾರೋ ಯಾರನ್ನೋ ಕೂಗಿದರು. ಅಪ್ಪನ ರೆಪ್ಪೆ ಕಂಪಿಸಿತು. ತೆರೆಯಿತು.

ನೋಡಿದ. ನೋಡುತ್ತಲೇ ಇದ್ದ. ಹಾಲಿನ ಗಾಡಿ ಹೋಯಿತು. ಛತ್ರಿ ಹಿಡಿದ ಮುದುಕಿ ಹೋದಳು. ಕಿಟಕಿಯ ಪಕ್ಕ ಒಬ್ಬ ತರುಣ ಬಂದು ನಿಂತು ಫೋನಿನಲ್ಲಿ ಮಾತಾಡತೊಡಗಿದ.

ಅಪ್ಪನ ಹುಬ್ಬು ಗಂಟಿಕ್ಕಿತು. ಎಷ್ಟೋ ಕಾಲದಿಂದ ಮುಚ್ಚಿದ್ದ ಬಾಯಿ ಒಂದು ಪಕ್ಕಕ್ಕೆ ಸರಿಯಿತು.

“ಥೂ... ಯಾವನೇ ಅವನು... ತಲೆ ಹಿಂದೆ... ಏಣಿ ಮೆಟ್ಟಿಲು... ಕೊರೆದಿದ್ದಾನೆ!”

ಅತ್ತೆ ಅಡುಗೆಮನೆಯಿಂದ ಓಡಿಬಂದರು. ತರುಣನ ಕ್ಷೌರ ನೋಡಿ, ತಮ್ಮನ ಮುಖ ನೋಡಿ, ನಗುತ್ತಾ ಗೊಳೋ ಎಂದು ಅತ್ತುಬಿಟ್ಟರು.

“ಅಕ್ಕ... ಹಸಿವು,” ಎಂದ ಅಪ್ಪ.

*

ಅತ್ತೆ ತಮ್ಮನಿಗೆ ತುತ್ತು ಕೊಡುತ್ತಿದ್ದಾಗ ಕನ್ನಡಿಯವನು ಚೀಲ ಎತ್ತಿಕೊಂಡ. ಅವಳು ಬಾಗಿಲವರೆಗೂ ಬಂದಳು. ಹೊಸ್ತಿಲಲ್ಲಿ ಇಬ್ಬರೂ ನಿಂತರು.

“ಒಂದು ವಿಷಯ ಹೇಳಬೇಕು,” ಅವನು ನೆಲ ನೋಡುತ್ತಾ ಹೇಳಿದ. “ಇನ್ನೊಂದು ಸುಳ್ಳು ಉಳಿಸಿಕೊಂಡು ಹೋಗೋಕೆ ಆಗಲ್ಲ. ರಸ ಒಣಗಿಲ್ಲ ಅಂದಿದ್ದು ನಿಮ್ಮಪ್ಪನಿಗಾಗಿ. ಹುಳು ಹಿಡಿದಿದೆ ಅಂದಿದ್ದು... ಅದರಲ್ಲಿ ಅರ್ಧ ನನಗಾಗಿ. ಕನ್ನಡಿ ಕೊಟ್ಟುಬಿಟ್ರೆ ನೀವು ಮತ್ತೆ ಯಾಕೆ ಬರ್ತೀರಿ ಅಂತ.”

ಅವಳು ತುಟಿ ಕಚ್ಚಿಕೊಂಡಳು. ಕಣ್ಣು ತುಂಬಿತ್ತು, ಆದರೂ ನಗು ಒಳಗೆ ನಿಲ್ಲಲಿಲ್ಲ.

“ಅತ್ತೆ ಆವತ್ತೇ ಹೇಳಿದ್ರು. ‘ಹುಳು ಹೊಕ್ಕಿರೋದು ಮರಕ್ಕಲ್ಲ ಕಣೇ, ಅವನ ತಲೆಗೆ’ ಅಂತ.”

“ನೀವೇನಂದ್ರಿ?”

“ನನ್ನ ತಲೆಗೂ ಹೊಕ್ಕಿದೆ ಅಂತ ಹೇಳೋಕೆ ಧೈರ್ಯ ಸಾಲಲಿಲ್ಲ.”

ಅವನು ಈಗ ತಲೆಯೆತ್ತಿದ. ಅವಳೇ ಕೈ ಚಾಚಿ, ಬಣ್ಣದ ಕಲೆಯ ಆ ಬೆರಳುಗಳನ್ನು ತನ್ನ ಬೆರಳುಗಳಲ್ಲಿ ಹೆಣೆದುಕೊಂಡಳು.

ಒಳಗಿನಿಂದ, ತಿರುಗಿ ನೋಡದೆಯೇ, ತೊದಲುವ ದನಿಯೊಂದು ಬಂತು.

“ನನಗೆ... ಎಲ್ಲಾ... ಕಾಣ್ತಿದೆ.”

ಅವನು ಬೆಚ್ಚಿ ಕೈ ಬಿಡಿಸಿಕೊಳ್ಳಲು ನೋಡಿದ. “ಬಿಡಿ... ಅಪ್ಪ ನೋಡ್ತಿದ್ದಾರೆ!”

ಅವಳು ಇನ್ನಷ್ಟು ಬಿಗಿಯಾಗಿ ಹಿಡಿದಳು.

“ನೋಡಲಿ,” ಎಂದಳು. “ಏನನ್ನಾದ್ರೂ ನೋಡಬೇಕು ಅಂತ ಅವರಿಗೆ ಅನ್ನಿಸಿ ಎಷ್ಟು ಕಾಲ ಆಯ್ತು!”