ಬೆಂಕಿಬೆಟ್ಟದ ಕೆಸರು ಬಾಯಿಬಿಟ್ಟದ್ದು

ಒಂದಾನೊಂದು ಕಾಲದಲ್ಲಿ, ಕಡಲು ದಾಟಿ ಕಾಡು ದಾಟಿ ಹೋದರೆ ಒಂದು ರಾಜ್ಯವಿತ್ತು. ಅಲ್ಲೊಂದು ಬೆಟ್ಟ, ಹೊಟ್ಟೆಯಲ್ಲಿ ಬೆಂಕಿ, ತಲೆಯ ಮೇಲೆ ಮಂಜುಗಡ್ಡೆ. ಆ ಮಂಜುಗಡ್ಡೆ ಕಡಿದು ತಂದು ಮಾರಿ ಬದುಕುವವಳು ಬೊಮ್ಮಕ್ಕ.

ಒಂದು ಬೆಳಿಗ್ಗೆ ಬೆಟ್ಟ ಗುಡುಗಿತು. ಬೆಟ್ಟ ಗುಡುಗಿದರೆ ಎಲ್ಲರೂ ಹೊಳೆದಂಡೆಗೆ ಇಳಿಯಬೇಕು, ಅದು ಅಲ್ಲಿಯ ಪದ್ಧತಿ. ಬೆಂಕಿಗೆ ನೀರು ಕಂಡರೆ ಭಯವಂತೆ! ಹಾಗೆಂದವನು ಆಸ್ಥಾನದ ಮಂತ್ರವಾದಿ ಧೂಮಾಕ್ಷ. ಎದುರಾಡಿದವರ ನಾಲಿಗೆ ಮಂಜುಗಟ್ಟುವಂತೆ ಮಾಟ ಮಾಡಿಟ್ಟಿದ್ದ, ಪಾಪಿ.

ಬೊಮ್ಮಕ್ಕನ ಮಗಳು ಚೆನ್ನಾಜಿಯ ಮನೆ ಆ ದಂಡೆಯಲ್ಲೇ ಇತ್ತು. ಹಸುಗೂಸನ್ನು ಮಡಿಲಲ್ಲಿಟ್ಟುಕೊಂಡು ನಿಶ್ಚಿಂತೆಯಿಂದ ಕೂತಿದ್ದಳು. ಬೊಮ್ಮಕ್ಕನಿಗೆ ಮಾತ್ರ ಆ ನಿಶ್ಚಿಂತೆಯಿರಲಿಲ್ಲ. ಕಲ್ಲಿನ ಹಾಗಿದ್ದ ಮಂಜುಗಡ್ಡೆ ಅಡಿಯಿಂದ ಕರಗುವುದನ್ನು ಅವಳು ಕಣ್ಣಾರೆ ಕಂಡಿದ್ದಳು. ಆ ನೀರೆಲ್ಲ ಎಲ್ಲಿಗೆ ಹೋದೀತು?

ಹಿಂದೆ ಏನಾಗಿತ್ತೆಂದು ಮಣ್ಣನ್ನೇ ಕೇಳೋಣವೆಂದು ಹಾರೆ ಹಿಡಿದು ಹೊಳೆಯ ದಡ ಅಗೆದಳು. ಆ ನಾಡಿನಲ್ಲಿ ತಟ್ಟಿ ಕೇಳಿದರೆ ಮಣ್ಣು ಮಾತಾಡುತ್ತಿತ್ತು.

ಮೇಲಿನ ಬಿಳಿ ಪದರ ತಟ್ಟಿದಳು. "ನಾನು ಬೂದಿ ಕಣೇ. ನಿನ್ನ ಮುತ್ತಜ್ಜಿಯ ಕಾಲದಲ್ಲಿ ಉದುರಿದೆ. ಸೂರು ಕುಸಿದವು, ಜನ ಉಳಿದರು."

ಅದರ ಕೆಳಗಿನ ಪದರ, ನೀರಲ್ಲಿ ತೇಲುವಷ್ಟು ಹಗುರವಾದ ಕಲ್ಲು. "ನಾನು ಬೆಂಕಿಯ ನೊರೆ. ಇನ್ನೂ ಹಿಂದೆ ಬಂದೆ. ಕಾಡು ಸುಟ್ಟೆ, ಜನ ಉಳಿದರು."

ಮೂರನೆಯದು ಆಳೆತ್ತರದ ಕೆಸರು. ಒಳಗೆ ಬಂಡೆ, ಮರದ ದಿಮ್ಮಿ, ಯಾರದೋ ಒಲೆಗುಂಡು. ಅದನ್ನೂ ತಟ್ಟಿದಳು.

"ನಾನು ಮೊದಲು ಬೆಟ್ಟದ ಮೇಲಿನ ಮಂಜು, ತಾಯಿ. ಬೆಂಕಿ ಕರಗಿಸಿತು. ಇದೇ ಹೊಳೆಯಲ್ಲಿ ಇಳಿದೆ. ದಂಡೆ ತುಂಬ ಜನ ಕೂತಿದ್ದರು. ನನ್ನ ಕತೆ ಹೇಳಲು ಒಬ್ಬರೂ ಉಳಿಯಲಿಲ್ಲ."

ಬೊಮ್ಮಕ್ಕನಿಗೆ ಅಳು ಬಂತು. ಒಂದು ಹೆಂಟೆ ಕೆಸರನ್ನು ಸೆರಗಿಗೆ ಕಟ್ಟಿಕೊಂಡು ಅರಮನೆಗೆ ಓಡಿದಳು.

"ಮಹಾಪ್ರಭು, ಹೊಳೆದಂಡೆ ಬೇಡ—" ಎನ್ನುವಷ್ಟರಲ್ಲಿ ನಾಲಿಗೆ ಮಂಜುಗಟ್ಟಿತು. ಧೂಮಾಕ್ಷ ಕಿಸಕ್ಕನೆ ನಕ್ಕ. ಅವಳು ಹೆಂಟೆಯನ್ನು ರಾಜನ ಪಾದದ ಬಳಿ ಇಟ್ಟು ತಟ್ಟಿದಳು. ಕೆಸರು ಎಲ್ಲವನ್ನೂ ಹೇಳತೊಡಗಿತು. ಧೂಮಾಕ್ಷ ಅದರ ಮೇಲೂ ಮಂತ್ರ ಹಾಕಿದ.

"ಹೋಗೋ ಮಂಕೇ! ಸಾವಿರ ವರ್ಷ ಮಂಜಾಗಿಯೇ ಇದ್ದೆ ನಾನು. ನಿನ್ನ ಚಳಿ ನನಗೆ ಯಾವ ಲೆಕ್ಕ?" ಎಂದಿತು ಕೆಸರು.

ಅಷ್ಟೇ, ಮಾಟ ಮುರಿಯಿತು. ಎಲ್ಲರ ನಾಲಿಗೆಯೂ ಸಡಿಲಾಯಿತು. "ದಿಬ್ಬ ಹತ್ತಿ!" ಎಂದು ರಾಜ ಡಂಗುರ ಹೊಡೆಸಿದ. ಬೊಮ್ಮಕ್ಕ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮಗಳನ್ನು ದರದರನೆ ಎಳೆದುಕೊಂಡೇ ಹತ್ತಿದಳು. ತನ್ನ ಮಾತೇ ನಿಜವೆಂದು ಹಟ ಹಿಡಿದ ಧೂಮಾಕ್ಷ ಹೊಳೆದಂಡೆಯಲ್ಲಿ ಹೋಗಿ ಕೂತ. ಮಧ್ಯಾಹ್ನ ಬೆಟ್ಟ ಸಿಡಿಯಿತು. ಕೆಸರು ಬಂದು ಅವನನ್ನೂ ಖಾಲಿ ಮನೆಗಳನ್ನೂ ಒಯ್ದಿತು.

ಚೆನ್ನಾಜಿ ಗೋಳೋ ಎಂದು ಅತ್ತಳು. "ಅವ್ವಾ, ನನ್ನ ಮನೆ ಹೋಯ್ತಲ್ಲೇ!"

"ಹೋಗಲಿ ಬಿಡೇ. ಮನೆ ಇನ್ನೊಂದು ಕಟ್ಟೋಣ. ನೀನೇ ಹೋಗಿದ್ದರೆ ನಿನ್ನನ್ನ ನಾನು ಎಲ್ಲಿಂದ ತರ್ತಿದ್ದೆ?"

ಅವರೆಲ್ಲ ದಿಬ್ಬದ ಮೇಲೇ ಊರು ಕಟ್ಟಿಕೊಂಡು, ಹೊಳೆ ತಂದ ಮಣ್ಣಿನಲ್ಲಿ ಬೆಳೆ ತೆಗೆದು, ಬೆಟ್ಟದ ಮೇಲೆ ಸಿಟ್ಟಿಲ್ಲದೆ ಸುಖವಾಗಿ ಬಾಳಿದರು.