ಬಂತಾ? ಬಂದಿಲ್ಲ!

"ಬಂತಾ?"

"ಬಂದಿಲ್ಲ ಮೇಡಂ."

ಇಂಟರ್‌ಕಾಮ್ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು, ಕಂಪ್ಯೂಟರುಗಳ ಹೊಣೆ ಹೊತ್ತ 'ಸಿಸ್ಟಮ್ ಮೇಡಂ' ಗೋಡೆಯ ಗಡಿಯಾರ ನೋಡಿದಳು. ಮೂರೂ ಮುಕ್ಕಾಲು. ಭಾನುವಾರ; ಕಣ್ಣಿನ ಆಸ್ಪತ್ರೆಯಲ್ಲಿ ಇಬ್ಬರೇ. ಮೇಲಿನ ಮಹಡಿಯಲ್ಲಿ ಅವಳು, ನೆಲಮಾಳಿಗೆಯ ಲೆನ್ಸ್ ಉಜ್ಜುವ ಕೋಣೆಯಲ್ಲಿ ಅವನು. ಅವನನ್ನು ಎಲ್ಲರೂ ಕರೆಯುವುದೇ 'ಕನ್ನಡಕ' ಎಂದು. ಊರಿಗೆಲ್ಲ ಕನ್ನಡಕ ಕೂರಿಸುವವನ ಮೂಗಿನ ಮೇಲೆ ಮಾತ್ರ ಕನ್ನಡಕವಿಲ್ಲ. ಅಲ್ಲಿ ಕೂತಿರುವುದು ಬರೀ ತುಂಟತನ.

ಆಸ್ಪತ್ರೆಯ ಹದಿನಾಲ್ಕು ಕಂಪ್ಯೂಟರುಗಳು ಎಮ್ಮೆ ನಡಿಗೆಗೆ ಬಿದ್ದಾಗ, "ಹಳೇದು ತೆಗೆದು ಬೇರೆ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್ ಹಾಕೋಣ ಸರ್, ಜಿಂಕೆ ಥರ ಓಡ್ತವೆ" ಎಂದು ದೊಡ್ಡ ಡಾಕ್ಟರಿಗೆ ಮಾತು ಕೊಟ್ಟವಳು ಅವಳೇ. ಕಂಪ್ಯೂಟರುಗಳೇನೋ ಓಡಿದವು. ಪ್ರಿಂಟರುಗಳು ಮದುವೆಮನೆಯ ಬೀಗರ ಹಾಗೆ ಮುನಿಸಿಕೊಂಡು ಕೂತವು. ಒಂದೊಂದಕ್ಕೂ ನೆಟ್‌ವರ್ಕ್ ವಿಳಾಸ ಕೊಟ್ಟು, ಕಂಪ್ಯೂಟರಿನ ಮಾತು ತಿಳಿಸಿಕೊಡುವ ಡ್ರೈವರ್ ತಂತ್ರಾಂಶ ಹೊಂದಿಸಿ ಒಲಿಸಿಕೊಳ್ಳಬೇಕು. ರಿಸೆಪ್ಷನ್ನಿನದು ಒಲಿಯಿತು. ಔಷಧಿ ಕೌಂಟರಿನದೂ ಒಲಿಯಿತು. ಉಳಿದದ್ದು ನೆಲಮಾಳಿಗೆಯದು. ಅದರಿಂದ ಚೀಟಿ ಬಂದರೇನೇ ಯಾವ ಕಣ್ಣಿಗೆ ಯಾವ ಲೆನ್ಸ್ ಎಂದು ಅವನಿಗೆ ಗೊತ್ತಾಗುವುದು.

ಅವಳು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದದ್ದು ಮಾತ್ರ ಪ್ರಿಂಟರಿಗಾಗಿ ಅಲ್ಲ.

ನಿನ್ನೆ ಊಟದ ಹೊತ್ತಿನಲ್ಲಿ ಅವನು ಹೇಳಿದ್ದ: "ಅಕ್ಕ ಒಂದು ಹುಡುಗಿ ನೋಡಿದ್ದಾಳೆ ಮೇಡಂ. ನಾಳೆ ಐದಕ್ಕೆ ಫೋನ್ ಮಾಡ್ತಾಳೆ. ಹೂಂ ಅಂದ್ರೆ ಹೂಂ, ಊಹೂಂ ಅಂದ್ರೆ ಊಹೂಂ." ಹೇಳಿ ಅವಳ ಮುಖವನ್ನೇ ನೋಡಿದ್ದ. ಅವಳು ಊಟದ ಡಬ್ಬಿಯ ಮುಚ್ಚಳ ನೋಡಿದ್ದಳು. "ಒಳ್ಳೇದಾಯ್ತಲ್ಲ" ಎಂದಿದ್ದಳು. ಆ ಮಾತು ಆಗಿನಿಂದಲೂ ಗಂಟಲಲ್ಲಿ ಮುಳ್ಳಾಗಿ ನಿಂತಿದೆ.

"ಏನಮ್ಮಾ ಇದು!" ಫೋನಿನಲ್ಲಿ ದೊಡ್ಡ ಡಾಕ್ಟರ ಧ್ವನಿ. ಅವಳು ದಡಕ್ಕನೆ ಎದ್ದು ನಿಂತಳು. "ನಾಳೆ ಅರವತ್ತು ಪೇಶೆಂಟು. ಚೀಟೀನ ನನ್ನ ಬೋಳುತಲೆ ಮೇಲೆ ಬರೀತೀಯೇನಮ್ಮಾ?"

"ರೀ! ನನ್ನ ಜೀವವೇ ಹೋಗಿತ್ತು."

"ಜೀವ ಇರ್ಲಿ ಮೇಡಂ, ಪ್ರಿಂಟ್ ಬರ್ಲಿ." ಡಾಕ್ಟರ ಅಣಕ ಬಿಟ್ಟು ಈಗ ಅವನದೇ ಧ್ವನಿ. ಇದು ಡಾಕ್ಟರ ಧ್ವನಿಗಿಂತ ಅಪಾಯದ್ದು.

ಪ್ರಿಂಟರಿನ ವಿಳಾಸವನ್ನು ಕೈಯಾರೆ ಬರೆದಳು, ಡ್ರೈವರ್ ಬದಲಿಸಿದಳು. ಹೊಸ ಲಿನಕ್ಸಿನಲ್ಲಿ ನಮ್ಮ ಒತ್ತಕ್ಷರಗಳು ಕಾಗದಕ್ಕೆ ಬೀಳುವಾಗ ಕೈಕಾಲು ಮುರಿದುಕೊಳ್ಳುವುದುಂಟು. ಅದನ್ನೂ ನೋಡಿದಂತಾಗಲಿ ಎಂದು ಕನ್ನಡದಲ್ಲೇ ಟೈಪ್ ಮಾಡಿದಳು: 'ಬಲಗಣ್ಣು ಸ್ಪಷ್ಟ. ಎಡಗಣ್ಣು ಅಸ್ಪಷ್ಟ.'

"ಬಂತಾ?"

"ಬಂದಿಲ್ಲ."

ಪರದೆ 'ಪ್ರಿಂಟ್ ಮುಗಿಯಿತು' ಎನ್ನುತ್ತಿತ್ತು. ಪರದೆ ಸುಳ್ಳು ಹೇಳಬಹುದು, ಅವನು ಹೇಳಲಾರ. ಅದೇ ಪುಟವನ್ನು ಇನ್ನೊಮ್ಮೆ ಕಳಿಸಿದಳು. ಬಂದಿಲ್ಲ.

ಗಂಟೆ ನಾಲ್ಕು ದಾಟಿತು. ಬೆರಳಿಗೆ ರೇಗಿತು. ಹೇಗಿದ್ದರೂ ಹಾಳುಬಾವಿಗೆ ಬೀಳುವ ಕಲ್ಲು, ಯಾವುದಾದರೇನು? ಟೈಪ್ ಮಾಡಿದಳು: 'ಆ ಹುಡುಗಿ ಅಷ್ಟು ಚೆನ್ನಾಗಿದ್ದಾಳಾ?'

"ಬಂತಾ?"

ಸ್ವಲ್ಪ ತಡವಾಗಿ, "ಬಂದಿಲ್ಲ."

'ಒಳ್ಳೇದಾಯ್ತು ಅಂದದ್ದು ಸುಳ್ಳು. ಒಂದು ಚೂರೂ ಒಳ್ಳೇದಾಗಲಿಲ್ಲ.'

"ಈಗ?"

"...ಇಲ್ಲ."

"ಧ್ವನಿ ಯಾಕ್ರೀ ಹಂಗಾಗಿದೆ?"

"ಧೂಳು ಮೇಡಂ. ಗಾಜಿನ ಧೂಳು."

ಬರೆದಷ್ಟೂ ಎದೆ ಹಗುರಾಗುತ್ತಿತ್ತು, ಗಡಿಯಾರ ನೋಡಿದಷ್ಟೂ ಭಾರವಾಗುತ್ತಿತ್ತು. 'ನೀವು ಡಾಕ್ಟರ ಥರ ಮಾತಾಡ್ತೀರಿ, ನರ್ಸಮ್ಮನ ಥರ ಮಾತಾಡ್ತೀರಿ, ಕೆಟ್ಟ ಲಿಫ್ಟಿನ ಥರವೂ ಕಿರುಗುಡ್ತೀರಿ. ನಿಮ್ಮ ಥರಾನೇ ಮಾತಾಡಿದ ದಿನ ನನ್ನ ಕೈಗೆ ಕೆಲಸ ಓಡೋದಿಲ್ಲ.' ಬಂದಿಲ್ಲ. ಕೊನೆಗೆ ಕಣ್ಣುಮುಚ್ಚಿ, 'ಐದಕ್ಕೆ ಊಹೂಂ ಅನ್ನಿ. ದಯವಿಟ್ಟು.'

"ಬಂತಾ?"

"ಬಂದಿಲ್ಲ ಮೇಡಂ."

ನಾಲ್ಕೂ ಐವತ್ತು. ಬೇರೆ ದಾರಿ ಕಾಣದೆ ಫೋನಿಟ್ಟು, ಬ್ರೌಸರಿನಲ್ಲಿ ಪ್ರಿಂಟರಿನ ವಿಳಾಸ ಹೊಡೆದು ಅದರ ಒಳಪುಟ ತೆರೆದಳು. ಮಸಿ ಎಷ್ಟಿದೆ, ಕಾಗದ ಎಷ್ಟಿದೆ, ಹುಟ್ಟಿದಾಗಿನಿಂದ ಎಷ್ಟು ಹಾಳೆ ಹೊರಗೆ ಹಾಕಿದೆ ಎಂದು ನೆಟ್‌ವರ್ಕ್ ಪ್ರಿಂಟರು ತಾನೇ ಲೆಕ್ಕ ಇಟ್ಟಿರುತ್ತದೆ. ಬೆಳಿಗ್ಗೆ ಅವಳು ಗುರುತು ಹಾಕಿಕೊಂಡಿದ್ದದ್ದು 20418. ಈಗ 20424.

ಆರು.

ಆರಕ್ಕೆ ಆರೂ ಬಂದಿವೆ. ಅವನ ಕೈಗೇ ಬಂದಿವೆ. ಹಿಂಬಾಗಿಲಿಂದ ಹೊರಟುಬಿಡಲೇ? ನಾಳೆ ಜ್ವರ ಎನ್ನಲೇ? 'ಅದು ಫಾಂಟ್ ಪರೀಕ್ಷೆ ಕಣ್ರೀ' ಎಂದರೆ ನಂಬಿಯಾನೇ? 'ದಯವಿಟ್ಟು' ಎಂದು ಬೇರೆ ಬರೆದಿದ್ದೆನಲ್ಲ! ನಾಳೆ ಕ್ಯಾಂಟೀನಿನಲ್ಲಿ ನನ್ನದೇ ಧ್ವನಿ ಮಾಡಿ ಓದಿ ತೋರಿಸಿದರೆ? ಇಂಟರ್‌ಕಾಮ್ ಬಡಿದುಕೊಂಡಿತು. ಎತ್ತಲಿಲ್ಲ. ಹಾಳೆಗಳನ್ನು ಕಿತ್ತುಕೊಂಡು ಬರುವುದೊಂದೇ ದಾರಿ ಎಂದು ಎರಡೆರಡು ಮೆಟ್ಟಿಲು ಹಾರಿ ಕೆಳಗಿಳಿದಳು.

ಬೆಂಚಿನ ಮೇಲೆ ಆರು ಪ್ಲಾಸ್ಟಿಕ್ ಟ್ರೇಗಳು ಸಾಲಾಗಿದ್ದವು. ಒಬ್ಬೊಬ್ಬರ ಲೆನ್ಸಿಗೆ ಒಂದೊಂದು ಟ್ರೇ, ಟ್ರೇಗೊಂದು ಚೀಟಿ. ಅದು ಅವನ ಕೆಲಸದ ಪದ್ಧತಿ. ಇವತ್ತು ಲೆನ್ಸಿನ ಜಾಗದಲ್ಲಿ ಟ್ರೇಗೊಂದು ಹಾಳೆ ಮಡಿಸಿ ಇಟ್ಟಿದ್ದ, ಲೆನ್ಸನ್ನೇ ಇಟ್ಟಂತೆ, ಬೀಳದ ಹಾಗೆ, ಗೀರು ಬೀಳದ ಹಾಗೆ.

"ಆರು ಸಲ ಸುಳ್ಳು ಹೇಳಿದ್ರಿ," ಎಂದಳು.

ಅವನು ಎದ್ದು ನಿಂತ. ಯಾರ ಧ್ವನಿಯನ್ನೂ ಎರವಲು ಪಡೆಯದೆ ಮಾತಾಡಿದ.

"ಮೊದಲನೇದು ಬಂದಾಗಲೇ ಬಂತು ಅಂದಿದ್ರೆ, ನೀವು ಬ್ಯಾಗ್ ಹಾಕ್ಕೊಂಡು ಮನೆಗೆ ಹೋಗಿಬಿಡ್ತಿದ್ರಿ. ಐದು ಗಂಟೆ ತನಕ ನೀವಿಲ್ಲೇ ಇರ್ಬೇಕಿತ್ತು ನನಗೆ. ಅಷ್ಟೇ ಆಸೆ."

"ಆಮೇಲೆ? ಮೂರನೇದು ಬಂದ ಮೇಲೆ?"

"ಆಮೇಲೆ... ಬಂತು ಅನ್ನೋಕೆ ಭಯ ಆಯ್ತು. ಅಂದ್ರೆ ನೀವು ನಿಲ್ಲಿಸಿಬಿಡ್ತೀರಲ್ಲ."

ಅವಳು ಟ್ರೇಗೆ ಕೈ ಹಾಕಿದಳು. ಅವನು ಟ್ರೇಯನ್ನು ಹಿಂದಕ್ಕೆಳೆದ. "ಕೊಡಲ್ಲ. ನನ್ನ ಹೆಸರಿಗೆ ಬಂದದ್ದು."

"ನಗ್ತೀರಾ ನೀವು. ಎಲ್ಲರ ಮುಂದೆ..."

"ನಗೋ ಥರ ಕಾಣ್ತಿದ್ದೀನಾ?"

ಕಾಣುತ್ತಿರಲಿಲ್ಲ. ಕಣ್ಣು ಕೆಂಪಾಗಿತ್ತು, ಕಿವಿ ಅದಕ್ಕಿಂತ ಕೆಂಪಾಗಿತ್ತು. ಗಾಜಿನ ಧೂಳಿಗೆ ಕಿವಿ ಕೆಂಪಾಗುವುದಿಲ್ಲ ಎಂದು ಕಣ್ಣಾಸ್ಪತ್ರೆಯಲ್ಲಿ ಕೆಲಸ ಮಾಡುವವಳಿಗೆ ಗೊತ್ತಿತ್ತು.

ಐದು ಹೊಡೆಯಲು ಇನ್ನೂ ಎರಡು ನಿಮಿಷವಿತ್ತು. ಅಕ್ಕನಿಗೆ ಅಷ್ಟೂ ತಾಳ್ಮೆಯಿರಲಿಲ್ಲ. ಅವನ ಮೊಬೈಲ್ ಬೆಂಚಿನ ಮೇಲೆ ಗುರುಗುಟ್ಟಿತು. ಅವನು ಸ್ಪೀಕರ್ ಒತ್ತಿದ.

"ಏನೋ, ಹೂಂನೋ ಊಹೂಂನೋ? ಅವರು ಕಾಯ್ತಿದ್ದಾರೆ ಕಣೋ."

"ಊಹೂಂ ಅಕ್ಕ."

"ಯಾಕೋ? ಕೊರತೆ ಏನಿದೆ ಆ ಹುಡುಗೀಲಿ?"

"ಕೊರತೆ ಏನಿಲ್ಲ. ನನಗೆ..." ಅವನು ಸಿಸ್ಟಮ್ ಮೇಡಂ ಕಡೆ ನೋಡಿದ. "ನನಗೆ ಬೇರೆಯವರು ಇಷ್ಟ. ಎರಡು ವರ್ಷದಿಂದ."

"ಅಯ್ಯೋ ಬೆಪ್ಪೇ! ಅವಳಿಗೆ ಹೇಳಿದ್ದೀಯಾ?"

"ಈಗ ಹೇಳ್ದೆ. ಎದುರಿಗೇ ಇದ್ದಾರೆ."

"ಕೊಡು ಅವಳಿಗೆ."

ಅವನು ಫೋನ್ ಚಾಚಿದ. ಅವಳು ಫೋನ್ ತೆಗೆದುಕೊಂಡಳು. ಏನೆಂದು ಶುರು ಮಾಡುವುದು? ನಮಸ್ತೆ ಎನ್ನಲೇ? ಮೇಡಂ ಎನ್ನಲೇ? ಬೇಡ ಎಂದುಬಿಟ್ಟರೆ? ಗಾಬರಿಯಲ್ಲಿ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ಅಕ್ಕಾ..."

ಆ ಕಡೆಯಿಂದ ಸ್ಪೀಕರ್ ಒಡೆಯುವಂಥ ನಗು.

"ನನ್ನನ್ನ ಅಕ್ಕ ಅಂದ್ರೆ ಅವನಿಗೆ ನೀನು ತಂಗಿ ಆಗಿಬಿಡ್ತೀಯ ಕಣಮ್ಮಾ! ಅತ್ತಿಗೆ ಅನ್ನು, ಅತ್ತಿಗೆ!"